ಫೋನ್ ಬೋರಲು ಹಾಕಿ ಕೇಳಿ

ಪ್ರಶ್ನೆ: ಚಿತ್ರದುರ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ, ವಯಸ್ಸು 27. ಮೂರು ವರ್ಷದಿಂದ ಗಿಟಾರ್ ಕಲಿಯುತ್ತಿದ್ದೇನೆ. ರಾತ್ರಿ ಊಟ ಆದ ಮೇಲೆ ಯೂಟ್ಯೂಬ್, ಇನ್‌ಸ್ಟಾಗ್ರಾಮ್‌ನಲ್ಲಿ ಗಿಟಾರ್ ನುಡಿಸುವವರನ್ನು ನೋಡುತ್ತಾ ಕೂತರೆ ಒಂದು ಗಂಟೆ ಹೊಡೆದದ್ದೂ ಗೊತ್ತಾಗಲ್ಲ. ಯಾರು ದೊಡ್ಡವರು ಅಂತ ಸ್ನೇಹಿತರ ಜೊತೆ ದಿನಾ ಜಗಳ. ಕೊನೆಗೆ ಯಾರೋ ಒಬ್ಬರು ‘ಅವರಲ್ಲಿ ಫೀಲ್ ಇದೆ, ಇವರಲ್ಲಿಲ್ಲ’ ಅಂತಾರೆ, ಮಾತು ಅಲ್ಲಿಗೆ ನಿಂತುಬಿಡುತ್ತೆ. ಈ ಫೀಲ್ ಅನ್ನೋದು ನಿಜಕ್ಕೂ ಕಿವಿಗೆ ಕೇಳುತ್ತಾ, ಇಲ್ಲ ದೊಡ್ಡ ಹೆಸರು ಕೇಳಿ ನಾವು ಕಟ್ಟಿಕೊಂಡಿದ್ದಾ? ಇಬ್ಬರನ್ನು ಹೋಲಿಸೋದು ಹೇಗೆ? ಸ್ವರಕ್ಕೆ ಪ್ರತಿಧ್ವನಿ ಕೊಡುವ, 14,000 ರೂಪಾಯಿಯ ಒಂದು ಡಿಲೇ ಪೆಡಲ್ ನೋಡಿಟ್ಟಿದ್ದೇನೆ. ತಗೊಂಡರೆ ನನ್ನ ಕೈಗೂ ಅದು ಸ್ವಲ್ಪ ಬರುತ್ತಾ?

ಉತ್ತರ: ಪೆಡಲ್ ವಿಷಯ ಕೊನೆಗಿರಲಿ. ಈಗಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಓದಲಿಕ್ಕಿಲ್ಲ.

ನಾನು ದಾವಣಗೆರೆಯವನು. ಪಿ.ಜೆ. ಬಡಾವಣೆಯಲ್ಲಿ ಮಹಡಿ ಮೇಲಿನ ಒಂದು ರೂಮಿನಲ್ಲಿ ಪಾಠ ಹೇಳುತ್ತೇನೆ. ಅದಕ್ಕೂ ಮೊದಲು 11 ವರ್ಷ ಆರ್ಕೆಸ್ಟ್ರಾಗಳಲ್ಲಿ ಲೀಡ್ ಗಿಟಾರ್ ನುಡಿಸಿದವನು. ಗಣಪತಿ ಹಬ್ಬ ಬಂತೆಂದರೆ ಹರಿಹರ, ಜಗಳೂರು, ಹೊಳಲ್ಕೆರೆ, ಹಿರಿಯೂರು ಅಂತ ರಾತ್ರಿಗೊಂದು ಊರಿನ ರಸಮಂಜರಿ. ನಿಮ್ಮ ಸ್ನೇಹಿತರ ಜಗಳ ನಮ್ಮ ವ್ಯಾನಿನಲ್ಲೂ ಇತ್ತು. ಆಗ ಕ್ಯಾಸೆಟ್ ಇತ್ತು, ಈಗ ಫೋನ್ ಇದೆ, ಅಷ್ಟೇ ವ್ಯತ್ಯಾಸ.

ಒಂದು ಭಾನುವಾರ ಬೆಳಿಗ್ಗೆ ಕ್ಲಾಸಿನಲ್ಲಿ ಇಬ್ಬರು ಹುಡುಗರು ಇದೇ ಜಗಳ ಹಚ್ಚಿಕೊಂಡರು. ಒಬ್ಬನಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಮಿಂಚಿನ ವೇಗದಲ್ಲಿ ನುಡಿಸುವ ಯಾವನೋ ಹೊಸಬ ದೇವರು. ಇನ್ನೊಬ್ಬನಿಗೆ ಅಮೆರಿಕದ ಕಪ್ಪು ಜನರ ‘ಬ್ಲೂಸ್’ ಸಂಗೀತದ ಗಿಟಾರಿಸ್ಟ್ ಬಿ.ಬಿ. ಕಿಂಗ್. ನಾನು ಫೋನಿಗೆ ವಯರ್ ಚುಚ್ಚಿ, ಹಳೆ ಸ್ಪೀಕರಿಗೆ ಹಾಕಿ, ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟೆ. ಇಬ್ಬರದ್ದೂ ಎಂಟೆಂಟು ಸೆಕೆಂಡಿನ ತುಣುಕು. ಯಾರು ಚೆನ್ನಾಗಿ ನುಡಿಸಿದರು ಅಂತ ಕೇಳಲಿಲ್ಲ. ‘ಸ್ವರ ಯಾವಾಗ ಮುಗಿಯಿತು ಹೇಳಿ’ ಅಂದೆ. ಮೊದಲ ಸಲ ಯಾರಿಗೂ ಹೇಳಲು ಆಗಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಮೂಲೆಯಲ್ಲಿದ್ದ ಹುಡುಗಿ ಒಬ್ಬಳು, ‘ಸರ್, ಮೊದಲನೇದ್ರಲ್ಲಿ ಸ್ವರ ಮುಗೀತಾನೇ ಇಲ್ಲ, ಹಿಂದಿನಿಂದ ಇನ್ನೊಂದು ಬಂದು ಅದನ್ನ ತಳ್ತಾ ಇದೆ. ಎರಡನೇದ್ರಲ್ಲಿ ಅವರೇ ನಿಲ್ಲಿಸ್ತಾರೆ’ ಅಂದಳು. ಜಗಳ ಅಲ್ಲಿಗೆ ನಿಂತಿತು. ಒಬ್ಬರು ಗೆದ್ದರು ಅಂತಲ್ಲ, ಕೇಳುವ ವಿಷಯವೇ ಬದಲಾಯಿತು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಆ ಹುಡುಗಿಯ ಮಾತಿನಲ್ಲೇ ಇದೆ. ಫೀಲ್ ಕಿವಿಗೆ ಕೇಳುತ್ತೆ. ಎಲ್ಲಿ ಕಿವಿ ಇಡಬೇಕು ಅಂತ ಯಾರೂ ತೋರಿಸಿಕೊಡದೆ ಇರುವುದರಿಂದ ಅದು ದೇವರು ಮೈಮೇಲೆ ಬಂದ ಹಾಗೆ ಅನ್ನಿಸುತ್ತೆ, ಅಷ್ಟೇ. ಒಂದು ಸ್ವರ ಯಾವ ಕ್ಷಣಕ್ಕೆ ಹುಟ್ಟುತ್ತೆ, ತನ್ನ ಜಾಗಕ್ಕೆ ಯಾವ ದಾರಿಯಲ್ಲಿ ಹೋಗುತ್ತೆ, ಹೋದ ಮೇಲೆ ಹೇಗೆ ಅಲುಗುತ್ತೆ, ಹೇಗೆ ಸಾಯುತ್ತೆ. ಇಷ್ಟನ್ನು ಬಿಡಿಸಿ ಕೇಳಲು ಬಂದರೆ ನಿಮ್ಮ ಸ್ನೇಹಿತರ ಮಾತು ‘ಫೀಲ್ ಇದೆ’ ಅನ್ನುವಲ್ಲಿಗೆ ನಿಲ್ಲುವುದಿಲ್ಲ, ಅಲ್ಲಿಂದ ಶುರುವಾಗುತ್ತೆ.

ಅಲುಗಾಟದಿಂದಲೇ ಹಿಡಿಯೋಣ, ಅದು ಸುಲಭಕ್ಕೆ ಕೇಳುತ್ತೆ. ಬಿ.ಬಿ. ಕಿಂಗ್ (1925–2015) ನುಡಿಸುವ ಯಾವುದಾದರೂ ವೇದಿಕೆಯ ವಿಡಿಯೊ ತೆಗೆದು ಎಡಗೈ ನೋಡಿ. ತೋರುಬೆರಳು ತಂತಿಯ ಮೇಲೆ ಊರಿರುತ್ತೆ, ಹೆಬ್ಬೆರಳು ಗಿಟಾರಿನ ಕುತ್ತಿಗೆ ಬಿಟ್ಟಿರುತ್ತೆ, ಉಳಿದ ಬೆರಳು ಬಿಚ್ಚಿಕೊಂಡು ಇಡೀ ಅಂಗೈ ಚಿಟ್ಟೆಯ ರೆಕ್ಕೆಯ ಹಾಗೆ ಪಟಪಟ ಅನ್ನುತ್ತೆ. ಬೆರಳು ತಂತಿಯನ್ನು ತಿಕ್ಕುತ್ತಿಲ್ಲ, ನೆನಪಿಡಿ. ಬೀಗದಲ್ಲಿ ಕೀಲಿ ಹಾಕಿ ಆಚೆ ಈಚೆ ತಿರುಗಿಸಿದ ಹಾಗೆ ಮುಂಗೈ ತಿರುಗುತ್ತಿದೆ. ಅವರ ಬಂಧು ಬುಕ್ಕಾ ವೈಟ್ ಸ್ಲೈಡ್ ನುಡಿಸುತ್ತಿದ್ದವರು, ಅಂದರೆ ತಂತಿಯ ಮೇಲೆ ಗಾಜಿನ ಇಲ್ಲವೇ ಲೋಹದ ಕೊಳವೆ ಜಾರಿಸಿ ನುಡಿಸುವುದು. ಆ ಸ್ಲೈಡ್ ತನ್ನ ಕೈಗೆ ಒಗ್ಗಲಿಲ್ಲ, ಆ ನಾದವನ್ನು ಬರೀ ಬೆರಳಲ್ಲಿ ತರಲು ಹೋಗಿ ಈ ನಡುಕ ಬಂತು ಅಂತ ಕಿಂಗ್ ಅವರೇ ಹೇಳಿಕೊಂಡಿದ್ದಾರೆ. ಬಾರದೆ ಇದ್ದದ್ದೇ ಗುರುತಾಯಿತು. ಇನ್ನೊಂದು ಗಮನಿಸಿ: ಅವರು ಹಾಡುವಾಗ ಗಿಟಾರ್ ಸುಮ್ಮನಿರುತ್ತೆ. ಸಾಲು ಮುಗಿದ ಮೇಲೆ ಗಿಟಾರ್ ಉತ್ತರ ಕೊಡುತ್ತೆ. ಹಾಗಾಗಿ ಅವರ ಗಿಟಾರಿನ ಸಾಲುಗಳೂ ಒಂದು ಉಸಿರಿಗೆ ಹಾಡಬಹುದಾದಷ್ಟೇ ಉದ್ದ.

ಅದರ ಬೆನ್ನಿಗೇ ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಕೇಳಿ. ಅವರು ತಂತಿ ಎಳೆದು ಮೇಲಿನ ಸ್ವರಕ್ಕೆ ಹೋಗುತ್ತಾರೆ, ಹೋಗಿ ಅಲ್ಲಿ ನಿಲ್ಲುತ್ತಾರೆ. ನಿಂತ ಸ್ವರ ನೆಟ್ಟಗಿರುತ್ತೆ. ಆಮೇಲೆ ತಡವಾಗಿ, ನಿಧಾನಕ್ಕೆ, ಅಗಲವಾಗಿ ಅಲುಗಲು ಶುರುವಾಗುತ್ತೆ. ಕಿಂಗ್ ಅವರದ್ದು ಸ್ವರ ಹುಟ್ಟಿದ ಕೂಡಲೇ ನಡುಗುತ್ತೆ, ಬೇಗ ಮುಗಿಯುತ್ತೆ. ಇಬ್ಬರಿಗೂ ‘ಫೀಲ್ ಇದೆ’ ಅಂತಲೇ ಜನ ಹೇಳೋದು. ಆದರೆ ಎರಡು ಫೀಲೂ ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳು. ಯೂಟ್ಯೂಬಿನಲ್ಲಿ ವೇಗವನ್ನು 0.5ಕ್ಕೆ ಇಳಿಸಿ, ಅಲುಗಾಟ ಎಣಿಸಿ. ಶ್ರುತಿ ಬದಲಾಗಲ್ಲ, ಸದ್ದು ಸ್ವಲ್ಪ ಗೊರಗೊರ ಅನ್ನುತ್ತೆ, ಪರವಾಗಿಲ್ಲ. ಎಣಿಸಲು ಆಗುವ ಸಂಗತಿಯ ಬಗ್ಗೆ ‘ನಿನ್ನ ಕಿವಿ ನಿನಗೆ, ನನ್ನ ಕಿವಿ ನನಗೆ’ ಅನ್ನುವ ಜಗಳ ಇರಲ್ಲ.

ನಮ್ಮ ಕಡೆಯವರಿಗೆ ಇದೇನೂ ಹೊಸದಲ್ಲ. ದಾವಣಗೆರೆ ಕರ್ನಾಟಕದ ನಡುಮಧ್ಯ. ಸ್ವರದ ಜಾರುವಿಕೆ, ಅಲುಗಾಟಕ್ಕೆ ಇತ್ತ ಕಡೆಯಿಂದ ಜಾರು, ಕಂಪಿತ ಅನ್ನುವ ಕರ್ನಾಟಕ ಸಂಗೀತದವರು ಬರುತ್ತಾರೆ, ಅತ್ತ ಕಡೆಯಿಂದ ಮೀಂಡ್, ಆಂದೋಲನ ಅನ್ನುವ ಹಿಂದೂಸ್ತಾನಿಯವರು. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನವನ್ನೂ ಬಸವರಾಜ ರಾಜಗುರುಗಳು ಹಾಡಿದ ವಚನವನ್ನೂ ಪಕ್ಕಪಕ್ಕ ಇಟ್ಟು ಕೇಳಿದ ನಿಮ್ಮ ಅಜ್ಜಿಗೆ ಇಬ್ಬರ ವ್ಯತ್ಯಾಸ ಗೊತ್ತಿರುತ್ತೆ, ಹೆಸರಿಟ್ಟು ಹೇಳಲು ಬರದೆ ಇರಬಹುದು. ಗಿಟಾರ್ ಕೈಗೆ ಬಂದ ಕೂಡಲೇ ನಾವು ಆ ಕಿವಿಯನ್ನು ಮನೆಯಲ್ಲೇ ಬಿಟ್ಟು ಬರುತ್ತೇವೆ. ಬ್ಲೂಸ್‌ನವರ ಗಾಂಧಾರವನ್ನೇ, ಅಂದರೆ ಸರಿಗಮದ ‘ಗ’ವನ್ನೇ ತಗೊಳ್ಳಿ. ಅದು ನಮ್ಮ ಸಾಧಾರಣ ಗಾಂಧಾರಕ್ಕಿಂತ ಒಂದಿಷ್ಟು ಮೇಲೆ, ಅದರ ಮೇಲಿನ ಅಂತರ ಗಾಂಧಾರ ಮುಟ್ಟುವುದಿಲ್ಲ. ಗಿಟಾರಿನ ಕುತ್ತಿಗೆಯ ಅಡ್ಡಪಟ್ಟಿಗಳ, ಅಂದರೆ ಫ್ರೆಟ್ಟುಗಳ ಮೇಲೆ ಆ ಸ್ವರಕ್ಕೆ ಮನೆಯೇ ಇಲ್ಲ, ತಂತಿಯನ್ನು ಚೂರು ಎಳೆದೇ ತರಬೇಕು. ಪ್ರಸನ್ನ ಅವರು ಸಾಮಾನ್ಯ ಗಿಟಾರಿನಲ್ಲೇ ಕರ್ನಾಟಕ ಸಂಗೀತ ನುಡಿಸುವುದನ್ನು ಒಮ್ಮೆ ಕೇಳಿ. ಹಾಗೇ ಮ್ಯಾಂಡೊಲಿನ್ ಯು. ಶ್ರೀನಿವಾಸ್ (1969–2014). ಅವರದ್ದು ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್, ಗಿಟಾರಿಗಿಂತ ಗಿಡ್ಡ, ಆದರೂ ಗಮಕ ನೋಡಿ ಹೇಗೆ ಬರುತ್ತೆ. ಇವರನ್ನು ಕೇಳಿದ ಮೇಲೆ ಗಿಲ್ಮೋರ್ ಎಳೆತಕ್ಕೆ ವಾಪಸ್ ಹೋದರೆ ಅದು ಮುಂಚಿಗಿಂತ ಹತ್ತಿರದಿಂದ ಕೇಳುತ್ತೆ. ನನಗಂತೂ ಹಾಗಾಯಿತು.

ಈಗ ದಾರಿಯ ವಿಷಯ. ಇದನ್ನು ನಿಮ್ಮ ಕೈಯಲ್ಲೇ ಮಾಡಿ ನೋಡಬೇಕು, ಇಲ್ಲದಿದ್ದರೆ ಬೇರೆಯವರದ್ದು ಕೇಳಲ್ಲ. ಎರಡನೇ ತಂತಿಯ 10ನೇ ಫ್ರೆಟ್ ಒತ್ತಿ, ಮೀಟಿ. ಅದು 440 ಹರ್ಟ್ಸ್. ಈಗ ತಂತಿಯನ್ನು ಮೇಲಕ್ಕೆ ತಳ್ಳಿ ಎರಡು ಫ್ರೆಟ್‌ನಷ್ಟು ಏರಿಸಿ. ಮುಟ್ಟಬೇಕಾದದ್ದು 494. ಸರಿ ಮುಟ್ಟಿದಿರಾ ಅಂತ ತಿಳಿಯಲು ಒಂದನೇ ತಂತಿಯ 7ನೇ ಫ್ರೆಟ್ ಮೀಟಿ, ಎರಡೂ ಒಂದೇ ಸ್ವರ. ನನ್ನ ಹತ್ತಿರ ಮೂರು ವರ್ಷ ಕಲಿತು ಬಂದ ಹತ್ತು ಜನರಲ್ಲಿ ಏಳೆಂಟು ಜನ ಇಲ್ಲಿ ಕಡಿಮೆ ಬೀಳುತ್ತಾರೆ. ತುಸು ಕೆಳಗೇ ನಿಲ್ಲುತ್ತಾರೆ, ಅದನ್ನು ಮುಚ್ಚಲು ಕೂಡಲೇ ಕೈ ನಡುಗಿಸುತ್ತಾರೆ. ಅದು ಅಳುವ ಗಿಟಾರಲ್ಲ, ಶ್ರುತಿ ತಪ್ಪಿದ ಗಿಟಾರು. ನಾನೂ ಎಷ್ಟೋ ರಸಮಂಜರಿಗಳಲ್ಲಿ ಹೀಗೇ ಮುಚ್ಚಿದ್ದೇನೆ. ಡ್ರಮ್ ಪ್ಯಾಡಿನ ಗದ್ದಲದಲ್ಲಿ ನಡೆದುಹೋಗುತ್ತಿತ್ತು.

ಇದು ಕೈಗೆ ಸಿಕ್ಕಿದ ಮೇಲೆ ಅದೇ ಏರಿಕೆಯನ್ನು ಒಮ್ಮೆ ಥಟ್ಟನೆ ಮಾಡಿ, ಒಮ್ಮೆ ಒಂದು ಪೂರ್ತಿ ಸೆಕೆಂಡ್ ತಗೊಂಡು ಮಾಡಿ. ಎರಡೂ ಕಡೆ ಹೊರಟ ಜಾಗ ಒಂದೇ, ಮುಟ್ಟಿದ ಜಾಗ ಒಂದೇ. ಹೇಳುವ ಮಾತು ಮಾತ್ರ ಬೇರೆ. ಆಲ್ಬರ್ಟ್ ಕಿಂಗ್ ಅಂತ ಇನ್ನೊಬ್ಬರಿದ್ದರು, ಎಡಚರು. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿಯುತ್ತಿದ್ದರು, ಹಾಗಾಗಿ ನಾವು ಮೇಲಕ್ಕೆ ತಳ್ಳುವ ತಂತಿಯನ್ನು ಅವರು ಕೆಳಕ್ಕೆ ಎಳೆಯುತ್ತಿದ್ದರು. ತಳ್ಳುವ ಕೈಗೂ ಎಳೆಯುವ ಕೈಗೂ ಬಲ ಬೇರೆ, ದಾರಿಯೂ ಬೇರೆ. ಅವರ ಎಳೆತವನ್ನು ನಕಲು ಮಾಡಲು ಹೋದವರಿಗೆಲ್ಲ ಅದು ಗೊತ್ತಿದೆ. ಮಾರ್ಕ್ ನಾಪ್‌ಫ್ಲರ್ ಕೂಡ ಹುಟ್ಟಾ ಎಡಚರು, ಆದರೆ ನುಡಿಸುವುದು ನಮ್ಮ ಹಾಗೆ. ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಬಿಟ್ಟು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಮೀಟುತ್ತಾರೆ. ಬೆರಳಿನ ಮಾಂಸ ತಗಲಿದ ತಂತಿಯ ಸದ್ದು ದುಂಡಗೆ ಬರುತ್ತೆ, ಜೋರಾಗಿ ಕಿತ್ತಾಗ ಮಾತ್ರ ಚಟ್ ಅನ್ನುತ್ತೆ. ಅವರ 1978ರ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡಿನಲ್ಲಿ ಈ ದುಂಡು ಮತ್ತು ಚಟ್ ಎರಡೂ ಒಂದೇ ಸಾಲಿನಲ್ಲಿ ಬಂದು ಹೋಗುತ್ತವೆ. ಪಿಕ್ ಹಿಡಿದವರು ಅದನ್ನು ಎಷ್ಟು ಸರಿಯಾಗಿ ನುಡಿಸಿದರೂ ಎಲ್ಲ ಸ್ವರವೂ ಒಂದೇ ಎತ್ತರದ ಹುಡುಗರು ಸಾಲಾಗಿ ನಿಂತ ಹಾಗೆ ಕೇಳುತ್ತೆ.

ಕಾಲದ ವಿಷಯ ನನಗೆ ಕಲಿಸಿದ್ದು ಗಿಟಾರಿಸ್ಟ್ ಅಲ್ಲ. ನಾಟಕ ಕಂಪನಿಗಳ ಊರು ನಮ್ಮದು. ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ನುಡಿಸಿ ಮುದುಕರಾದ ಒಬ್ಬ ಮೇಷ್ಟ್ರು ನಮ್ಮ ಆರ್ಕೆಸ್ಟ್ರಾಕ್ಕೆ ಆಗಾಗ ಬರುತ್ತಿದ್ದರು. ಜಗಳೂರಿನಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿ ಎರಡು ಗಂಟೆಗೆ ವಾಪಸ್ ಬರುವಾಗ ನನ್ನ ಪಕ್ಕ ಕೂತು, ‘ತಮ್ಮಾ, ಹಾಸ್ಯಗಾರ ಮಾತು ಮುಗಿಸಿದ ಕೂಡ್ಲೇ ನಾ ಪೆಟ್ಟಿಗಿ ಬಾರಿಸಿದ್ರ ಮಂದಿ ನಗಾಕ ಆಗಂಗಿಲ್ಲ. ನಕ್ಕು ಮುಗಿಯೋ ಹೊತ್ತಿಗೂ ಬಾರಿಸಬಾರದು, ತಣ್ಣಗಾಗ್ತತಿ. ನಡುವ ಒಂದು ಜಾಗ ಐತಿ. ನೀ ಅದನ್ನ ಹುಡುಕಾಕ ಹತ್ತಿಲ್ಲ’ ಅಂದರು. ಆ ರಾತ್ರಿ ನನಗೆ ಸಿಟ್ಟು ಬಂದಿತ್ತು. ಆವತ್ತು ನಾನು ಹಾಡಿನ ಬಿಟ್‌ಗಳನ್ನೆಲ್ಲ ಒಂದೂ ತಪ್ಪಿಲ್ಲದೆ, ಸ್ವಲ್ಪ ಓಟದಲ್ಲೇ ನುಡಿಸಿದ್ದೆ.

ಬೀಟ್ ಬಿದ್ದ ಮೇಲೆ ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲು ತಡವಾಗಿ ಸ್ವರ ಬಂದರೂ ನಮ್ಮ ಮೈಗೆ ಗೊತ್ತಾಗುತ್ತೆ. ‘ಆರಾಮಾಗಿ ನುಡಿಸ್ತಾರೆ’ ಅನ್ನಿಸುತ್ತೆ. ಅಷ್ಟೇ ಮುಂಚೆ ಬಂದರೆ ‘ತುಡಿತ ಇದೆ’ ಅಂತೀವಿ. ಒಳ್ಳೆಯ ಕೈ ಎರಡನ್ನೂ ಬೇಕಾದಾಗ ಮಾಡುತ್ತೆ. ಕೆಟ್ಟ ಕೈಗೂ ಎರಡೂ ಆಗುತ್ತವೆ, ಬೇಡದಾಗ.

ಇಲ್ಲಿ ಆನ್‌ಲೈನ್ ವಿಡಿಯೊಗಳ ಒಂದು ಮೋಸ ಹೇಳಲೇಬೇಕು. ಮೋಸ ಅನ್ನೋದು ದೊಡ್ಡ ಮಾತಾಯಿತು, ಅದು ಆ ಮಾಧ್ಯಮದ ರೀತಿ ಅನ್ನಿ. ನೀವು ನೋಡುವ ಒಂದು ನಿಮಿಷದ ತುಣುಕು ಎಷ್ಟನೇ ಟೇಕೋ ಯಾರಿಗೆ ಗೊತ್ತು. ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಚಿತ್ರಕ್ಕೆ ಕೂಡಿಸುವುದು ಮಾಮೂಲಿ. ಸ್ವರಗಳನ್ನು ಕಂಪ್ಯೂಟರಿನಲ್ಲಿ ತಾಳದ ಗೆರೆಗೆ ಎಳೆದು ಕೂರಿಸುವುದೂ ಉಂಟು. ಕಂಪ್ರೆಸರ್ ಹಾಕಿ ಮೆಲ್ಲಗಿನದ್ದನ್ನು ಜೋರು ಮಾಡಿ, ಜೋರಿನದ್ದನ್ನು ಅಮುಕಿ ಎಲ್ಲ ಸಮ ಮಾಡುವುದೂ ಉಂಟು. ಹಾಗೆ ಮಾಡಿದಾಗ ನಾನು ಮೇಲೆ ಹೇಳಿದ ದುಂಡು, ಚಟ್, ಹಿಂದೆ, ಮುಂದೆ ಎಲ್ಲ ಒರೆಸಿಹೋಗುತ್ತೆ.

ಇದು ಈಗಿನ ಹುಡುಗರು ಹುಟ್ಟುಹಾಕಿದ್ದಲ್ಲ. ತೈವಾನಿನ ಜೆರ್ರಿ ಚಾಂಗ್ ಅವರು ಜರ್ಮನಿಯ ಪಾಕೆಲ್ಬೆಲ್ ಅವರ ‘ಕ್ಯಾನನ್’ ಅನ್ನುವ ಹಳೇ ಕೃತಿಯನ್ನು ಎಲೆಕ್ಟ್ರಿಕ್ ಗಿಟಾರಿಗೆ ಒಗ್ಗಿಸಿ ‘ಕ್ಯಾನನ್ ರಾಕ್’ ಮಾಡಿದ್ದರು. ಅದನ್ನು ಟೋಪಿಯಿಂದ ಮುಖ ಮರೆಮಾಡಿಕೊಂಡು, ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಕೂತು ನುಡಿಸಿದ ಕೊರಿಯಾದ ಹುಡುಗ ಲಿಮ್ ಜಿಯಾಂಗ್-ಹ್ಯುನ್. ‘ಫನ್‌ಟು’ ಅನ್ನುವ ಹೆಸರಿನಲ್ಲಿ ಯೂಟ್ಯೂಬಿನ ಮೊದಮೊದಲ ದಿನಗಳಲ್ಲೇ ಲೋಕಪ್ರಸಿದ್ಧನಾದವನು. ಬೆರಳಿಗೂ ಸದ್ದಿಗೂ ತಾಳೆ ಆಗುತ್ತಿಲ್ಲ ಅಂತ ಜನ ತಕರಾರು ತೆಗೆದಾಗ, ಸದ್ದು ಮತ್ತು ಚಿತ್ರ ಬೇರೆ ಬೇರೆ ಮಾಡಿ ಆಮೇಲೆ ಕೂಡಿಸಿದ್ದೆ ಅಂತ ಒಪ್ಪಿಕೊಂಡ. ಅವನ ಕೈಯನ್ನು ನಾನು ಅನುಮಾನಿಸುವುದಿಲ್ಲ. ಕಣ್ಣಿನಿಂದ ಕಾಲ ಅಳೆಯಬೇಡಿ ಅಂತಷ್ಟೇ ಹೇಳುವುದು.

ನಿಮ್ಮ ಎರಡನೇ ಪ್ರಶ್ನೆಗೆ ಅದೇ ‘ಕ್ಯಾನನ್ ರಾಕ್’ ಒಳ್ಳೆಯ ತಕ್ಕಡಿ. ಲೆಕ್ಕವಿಲ್ಲದಷ್ಟು ಜನ ಅದನ್ನು ನುಡಿಸಿ ಹಾಕಿದ್ದಾರೆ. ಸ್ವರ ಅವೇ, ಸಾಲು ಅವೇ. ಒಬ್ಬರ ಬ್ಲೂಸ್ ಇನ್ನೊಬ್ಬರ ಮೆಟಲ್ ಇಟ್ಟು ಹೋಲಿಸಿದರೆ ಅದು ಅಡಿಕೆ ಮತ್ತು ಶೇಂಗಾ ತೂಗಿದ ಹಾಗೆ. ಒಂದೇ ತುಣುಕು ನುಡಿಸಿದ ನಾಲ್ಕು ಜನರನ್ನು ಆರಿಸಿ. ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಫೋನ್ ಬೋರಲು. ಒಂದು ಸಲಕ್ಕೆ ಒಂದೇ ಪ್ರಶ್ನೆ: ಈ ಉದ್ದ ಸ್ವರ ಹೇಗೆ ಮುಗಿಯಿತು? ಮುಂದಿನ ಸಲ, ಎಳೆತ ಎಲ್ಲಿ ಮುಟ್ಟಿತು? ಉತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆಮೇಲೆ ಫೋನ್ ತಿರುಗಿಸಿ ಕೈ ನೋಡಿ. ಕಿವಿಗೆ ಕೇಳಿದ್ದಕ್ಕೆ ಕೈ ಕಾರಣ ಹೇಳುತ್ತೆ. ಮೊದಲೇ ಕೈ ನೋಡಿದರೆ, ಮುಖ ಹಿಂಡುವವರಿಗೆಲ್ಲ ಫೀಲ್ ಇದ್ದ ಹಾಗೆ ಕಾಣುತ್ತೆ. ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಹಾಕಿದರೆ ಎರಡು ಪಟ್ಟು ಫೀಲ್.

ವೇದಿಕೆಯ ಮೇಲೆ ಒಂದೇ ಓಟದಲ್ಲಿ ತೆಗೆದ ವಿಡಿಯೊ ಸಿಕ್ಕರೆ ಅದನ್ನೇ ಆರಿಸಿ. ಇಂಗ್ಲೆಂಡಿನ ಗಿಟಾರಿಸ್ಟ್ ಜೆಫ್ ಬೆಕ್ ಅವರದ್ದು ಬೇಕಾದಷ್ಟಿವೆ. 2023ರ ಜನವರಿಯಲ್ಲಿ ತೀರಿಕೊಂಡರು. ಪಿಕ್ ಬಿಟ್ಟು ಹೆಬ್ಬೆರಳಲ್ಲಿ ಮೀಟುತ್ತಾ, ಅದೇ ಕೈಯಲ್ಲಿ ಶ್ರುತಿ ಏರಿಳಿಸುವ ಕಂಬಿ ಒತ್ತುತ್ತಾ, ಕಿರುಬೆರಳಲ್ಲಿ ವಾಲ್ಯೂಮ್ ತಿರುಗಿಸುತ್ತಾ ಒಂದೇ ಸ್ವರಕ್ಕೆ ಹುಟ್ಟು, ಬಾಳು, ಸಾವು ಮೂರನ್ನೂ ಕೊಡುತ್ತಿದ್ದರು. ಬೆರಳಲ್ಲಿ ಮೀಟುವವರಲ್ಲಿ ಟಾಮಿ ಎಮ್ಯಾನುಯೆಲ್ ಕೇಳಿ, ಹೆಬ್ಬೆರಳಿನ ಬೇಸ್ ಮಾತ್ರ ಹಿಡಿದು ಕೇಳಿ, ಉಳಿದದ್ದು ಆಮೇಲೆ. ಇನ್‌ಸ್ಟಾಗ್ರಾಮಿನಿಂದ ಹೆಸರಾದವರಲ್ಲಿ ಬ್ರೆಜಿಲ್ಲಿನ ಮಟೇಯುಸ್ ಅಸಾಟೊ ನನಗೆ ಇಷ್ಟ. ಕಾರ್ಡ್ ಮತ್ತು ರಾಗದ ಸಾಲನ್ನು ಒಟ್ಟಿಗೆ ನುಡಿಸುವಾಗ ಯಾವುದು ಜೋರು, ಯಾವುದು ಮೆಲ್ಲಗೆ ಅನ್ನುವ ವಿವೇಕ ಅವರ ಬಲಗೈಗಿದೆ.

ಕೇಳುವ ಸಾಧನದ ಬಗ್ಗೆ ಎರಡೇ ಮಾತು. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಗಿಟಾರಿನ ಆರನೇ ತಂತಿ 82 ಹರ್ಟ್ಸ್, ಆ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ನಾದ ಎತ್ತಲು ಆಗಲ್ಲ. ಇನ್ನು ಬ್ಲೂಟೂತ್. ನನ್ನ ವಿದ್ಯಾರ್ಥಿಯೊಬ್ಬ ಬ್ಲೂಟೂತ್‌ನಲ್ಲಿ ಟ್ರ್ಯಾಕ್ ಕೇಳುತ್ತಾ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಎರಡನ್ನೂ ಕೂಡಿಸಿ ಬಂದ. ಎಲ್ಲ ಸ್ವರವೂ ಬೀಟಿನ ಹಿಂದೆ. ಕೊನೆಗೂ ತನಗೆ ಆ ಆರಾಮದ ಫೀಲ್ ಬಂತು ಅಂತ ಅವನ ಖುಷಿ. ಬ್ಲೂಟೂತ್ ಸದ್ದು ಕಿವಿಗೆ ಬರುವುದು 150, 200 ಮಿಲಿಸೆಕೆಂಡ್ ತಡವಾಗುವುದು ಸಾಮಾನ್ಯ. ನಿಮಿಷಕ್ಕೆ 90 ಬೀಟ್ ಇರುವ ಹಾಡಿನಲ್ಲಿ ಕಾಲು ಬೀಟ್ ಅಂದರೆ ಸುಮಾರು 167 ಮಿಲಿಸೆಕೆಂಡ್. ಇಡೀ ಕಾಲು ಬೀಟ್ ಹಿಂದೆ ಬಿದ್ದಿದ್ದ ಪಾಪ. ವಯರ್ ಇರುವ ಇಯರ್‌ಫೋನ್ ಹಾಕಿಸಿದೆ, ಫೀಲ್ ಹೋಯಿತು.

ಇನ್ನು ನಿಮ್ಮ ಪೆಡಲ್. ಸಲಕರಣೆಯಿಂದ ಏನೂ ಆಗಲ್ಲ ಅನ್ನುವ ಜಾತಿಯವನಲ್ಲ ನಾನು. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ 13ರ (ಒಂದನೇ ತಂತಿ 0.013 ಇಂಚು) ದಪ್ಪ ತಂತಿ ಹಾಕುತ್ತಿದ್ದರು ಅನ್ನುವುದು ಅವರ ನಾದಕ್ಕೆ ಸಂಬಂಧಪಟ್ಟದ್ದೇ. ಆದರೆ ಅವರು ಶ್ರುತಿಯನ್ನು ಅರ್ಧ ಸ್ವರ ಇಳಿಸಿ ತಂತಿಯನ್ನು ಸಡಿಲ ಮಾಡಿಕೊಳ್ಳುತ್ತಿದ್ದರು ಅನ್ನುವ ಅರ್ಧ ಸುದ್ದಿ ಬಿಟ್ಟು, ಬರೀ 13 ಹಾಕಿಕೊಂಡು ಬೆರಳ ತುದಿ ಸುಲಿದುಕೊಂಡು ಬಂದವರನ್ನು ನೋಡಿದ್ದೇನೆ.

ಡಿಲೇ ಪೆಡಲ್ ನಾನೂ ಕೊಂಡಿದ್ದೆ, ಒಂದು ಮದುವೆ ಸೀಸನ್ನಿನ ದುಡ್ಡೆಲ್ಲ ಅದಕ್ಕೇ ಹೋಯಿತು. ಪ್ರತಿ ಸ್ವರದ ಹಿಂದೆ ಅದರ ಪ್ರತಿಧ್ವನಿ ನಾಲ್ಕೈದು ಸಲ ಬರುತ್ತಿತ್ತು, ನಾನು ದೊಡ್ಡ ಗಿಟಾರಿಸ್ಟ್ ಆದೆ ಅಂತ ಒಂದು ವರ್ಷ ನಂಬಿದ್ದೆ. ಹೊಳಲ್ಕೆರೆ ಕಡೆ ಒಂದು ಗಣಪತಿ ಕಾರ್ಯಕ್ರಮದಲ್ಲಿ ಜನರೇಟರಿನ ಕರೆಂಟ್ ಏರಿ ಅದರ ಅಡಾಪ್ಟರ್ ಸುಟ್ಟಿತು. ಪೆಡಲ್ ತೆಗೆದು ಗಿಟಾರನ್ನು ನೇರ ಆಂಪ್ಲಿಫೈಯರಿಗೆ ಚುಚ್ಚಿದೆ. ಮೊದಲ ಉದ್ದ ಸ್ವರ ಮೀಟಿದೆ. ಅದು ಟಪ್ ಅಂತ ಸತ್ತಿತು. ಎರಡನೆಯದೂ ಹಾಗೇ. ಬೆರಳನ್ನು ಬೇಗ ಎತ್ತಿಬಿಡುವ ಚಟ ನನ್ನ ಕೈಗೆ ಅಂಟಿಕೊಂಡಿತ್ತು. ವರ್ಷವಿಡೀ ಪೆಡಲ್ಲಿನ ಬಾಲ ಅದನ್ನು ಮುಚ್ಚಿತ್ತು, ಆದ್ದರಿಂದ ನನಗೆ ಕೇಳಿರಲಿಲ್ಲ. ಹಿಂದೆ ಕಾಲು ಹಾರ್ಮೋನಿಯಂ ಮೇಷ್ಟ್ರು ಕೂತಿದ್ದರು. ಏನೂ ಅನ್ನಲಿಲ್ಲ, ನಕ್ಕರು.

ಹಾಗಾಗಿ ಬೇರೆ ಯಾವ ಪೆಡಲ್ ಆಗಿದ್ದರೂ ನಿಮ್ಮಿಷ್ಟ ಅನ್ನುತ್ತಿದ್ದೆ. ಡಿಲೇ ಮಾತ್ರ ಆರು ತಿಂಗಳು ತಡೆಯಿರಿ. ನೀವು ಈಗ ಕೇಳಲು ಕಲಿಯಬೇಕಾದದ್ದು ಸ್ವರದ ಕೊನೆ, ಅದು ಮುಚ್ಚುವುದೂ ಅದನ್ನೇ. ಸದ್ಯಕ್ಕೆ ಹೊಸ ತಂತಿ ಹಾಕಿ. ಎರಡನೇ ತಂತಿಯ 10ನೇ ಫ್ರೆಟ್ಟಿನಿಂದ ಏರಿಸಿ, ಮುಟ್ಟಿ, ಒಂದು ಕ್ಷಣ ನೆಟ್ಟಗೆ ನಿಲ್ಲಿಸಿ, ಆಮೇಲೆ ಅಲುಗಿಸಿ, ನೀವಾಗಿಯೇ ನಿಲ್ಲಿಸಿ. ಹೀಗೆ ನಾಲ್ಕು ಸಲ ರೆಕಾರ್ಡ್ ಮಾಡಿ ನನಗೆ ಕಳಿಸಿ. ವಿಡಿಯೊ ಬೇಡ, ಸದ್ದು ಮಾತ್ರ ಸಾಕು.